ಹೊತ್ತ ಹೋಗವಲ್ದು: ವಲಸೆಯ ಮುಪ್ಪು ಮತ್ತು ನಮ್ಮ ಊರುಗಳು



ಈ ಉಪನ್ಯಾಸದ ದತ್ತಿಯನ್ನು ಮಕ್ಕಳು ತಮ್ಮ ತಾಯಿಯ ಹೆಸರಿನಲ್ಲಿ ಇಟ್ಟಿದ್ದಾರೆ. ಹೀಗಾಗಿ ನಾನೂ ನನ್ನ ತಾಯಿಯಿಂದಲೇ ಮಾತು ಸುರು ಮಾಡುತ್ತೇನೆ.

ತಂದೆ ತೀರಿದ ಮೇಲೆ ಅವ್ವನನ್ನು ಬೆಟಗೇರಿಯ ನನ್ನ ಮನೆಗೆ ಕರೆತಂದೆ. ಮುಂಡರಗಿ ತಾಲ್ಲೂಕಿನ ಹೊಳೆದಂಡೆಯ ನಮ್ಮ ಊರಿಗೂ ಬೆಟಗೇರಿಗೂ ಎರಡು ತಾಸಿನ ಬಸ್ಸಿನ ಹಾದಿ. ಭಾಷೆ ಅದೇ, ಊಟ ಅದೇ, ದೇವರೂ ಅದೇ. ಅವಳಿಗೆ ಬೇರೆ ಕೋಣೆ, ಫ್ಯಾನು, ಟಿ.ವಿ., ಹೊತ್ತಿಗೆ ಸರಿಯಾಗಿ ಗುಳಿಗೆ ಎಲ್ಲ ಇತ್ತು. ಮೂರನೆಯ ತಿಂಗಳಿಗೆ ಅವ್ವ ಒಂದು ಮಾತು ಹೇಳತೊಡಗಿದಳು: “ಹೊತ್ತ ಹೋಗವಲ್ದೋ ತಮ್ಮಾ.” ನಾನು ಭಜನೆಯ ಕ್ಯಾಸೆಟ್ಟು ತಂದುಕೊಟ್ಟೆ. ಆಮೇಲೆ ಕೈಕಾಲು ಹರಿಯುತ್ತವೆ ಎಂದಳು, ಎದೆ ಹಿಡಿದಂತಾಗುತ್ತದೆ ಎಂದಳು. ವೈದ್ಯರು ಇ.ಸಿ.ಜಿ. ತೆಗೆಸಿ ಏನೂ ಇಲ್ಲ ಎಂದರು. ಒಂದು ದಿನ ನಮ್ಮ ಓಣಿಯ ನೇಕಾರರ ಮನೆಯ ಸೊಸೆ ಹಸುಗೂಸನ್ನು ಎತ್ತಿಕೊಂಡು ಬಂದಳು. “ಅಮ್ಮಾ, ಕೂಸು ರಾತ್ರಿ ಎಲ್ಲಾ ಅಳತೈತಿ, ಏನ ಮಾಡ್ಲಿ?” ಅವ್ವ ಕಾಲು ಚಾಚಿ ಕೂಸನ್ನು ಮಲಗಿಸಿಕೊಂಡು, ಹೊಟ್ಟೆ ಮುಟ್ಟಿ ನೋಡಿ, ಎಣ್ಣೆ ಹಚ್ಚಿ ನೀರು ಹಾಕುವ ಬಗೆ ತೋರಿಸಿಕೊಟ್ಟಳು. ಆ ವಾರ ಎದೆನೋವಿನ ಸುದ್ದಿ ಬರಲಿಲ್ಲ.

ಹೊತ್ತು ಯಾಕೆ ಹೋಗುವುದಿಲ್ಲ ಎಂದು ನಾನು ಕೇಳಿದ್ದು ಬಹಳ ತಡವಾಗಿ. ಅವಳ ಉತ್ತರ ಇದು: “ಇಲ್ಲೆ ನನ್ನ ಯಾರೂ ಏನೂ ಕೇಳಂಗಿಲ್ಲ.”

ನಾವು ಕೇಳುತ್ತಿದ್ದೆವಲ್ಲ! ಉಂಡಿಯೇನು, ಗುಳಗಿ ತಗೊಂಡಿಯೇನು, ನಿದ್ದಿ ಬಂತೇನು. ಅವು ರೋಗಿಯನ್ನು ವಿಚಾರಿಸುವ ಮಾತುಗಳು. ಊರಲ್ಲಿ ಜನ ಅವಳನ್ನು ಬೇರೆಯದನ್ನು ಕೇಳುತ್ತಿದ್ದರು. ಬೀಜದ ಜೋಳ ಯಾವ ಗಡಿಗೆಯಲ್ಲಿ ಇಟ್ಟರೆ ನುಸಿ ಹಿಡಿಯುವುದಿಲ್ಲ, ಆ ಮನೆತನಕ್ಕೂ ಈ ಮನೆತನಕ್ಕೂ ಬೀಗತನ ಹೇಗೆ, ರೋಹಿಣಿ ಮಳೆ ಹಿಂದಿನ ವರ್ಷ ಎಷ್ಟು ದಿನ ತಡವಾಗಿತ್ತು ಎಂದು ಕೇಳಿಕೊಂಡು ಬರುತ್ತಿದ್ದರು. ಅವಳಿಗೆ ಗೊತ್ತಿದ್ದದ್ದು ಅವರಿಗೆ ಬೇಕಿತ್ತು, ಅದಕ್ಕೇ ಬಾಗಿಲಿಗೆ ಬರುತ್ತಿದ್ದರು. ಬೆಟಗೇರಿಯಲ್ಲಿ ಆ ಸೊಸೆ ಬರುವವರೆಗೆ ಅವಳಿಗೆ ಗೊತ್ತಿದ್ದದ್ದು ಯಾರಿಗೂ ಬೇಕಾಗಲಿಲ್ಲ. ಇಂದು ನಾನು ಹೇಳಬೇಕೆಂದಿರುವುದು ಇಷ್ಟೇ. ಮುಪ್ಪಿನಲ್ಲಿ ಊರು ಬಿಟ್ಟವರಿಗೆ ಅನ್ನ, ಔಷಧ, ಆರೈಕೆ ಎಲ್ಲ ಸಿಕ್ಕಮೇಲೂ ಒಂದು ಕೊರತೆ ಉಳಿಯುತ್ತದೆ. ತಮ್ಮನ್ನು ಕೇಳಿಕೊಂಡು ಬರುವವರು ಇಲ್ಲದ ಕೊರತೆ ಅದು. ಅದನ್ನು ತುಂಬುವುದು ಬರೀ ಮಕ್ಕಳಿಂದ ಆಗುವುದಿಲ್ಲ, ಊರೇ ತುಂಬಬೇಕು.

ನಮ್ಮ ಕಡೆಯ ಮುದುಕರು ‘ಒಂಟಿತನ’ ಎಂಬ ಶಬ್ದ ಬಳಸುವುದಿಲ್ಲ. ಜೀವಕ್ಕೆ ಬ್ಯಾಸರ ಎನ್ನುತ್ತಾರೆ, ಹೊತ್ತ ಹೋಗವಲ್ದು ಎನ್ನುತ್ತಾರೆ, ಅದೂ ಆಗದಿದ್ದರೆ ಮೊಣಕಾಲು ನೋವು ಎನ್ನುತ್ತಾರೆ. ಆದ್ದರಿಂದಲೇ ಅದು ನಮ್ಮ ಲೆಕ್ಕಕ್ಕೆ ಸಿಗದೆ ಉಳಿದಿದೆ.

ಹೊರಗಿನ ಜಗತ್ತು ಲೆಕ್ಕ ಹಾಕತೊಡಗಿದೆ. ಬ್ರಿಟನ್ ಸರ್ಕಾರ 2018ರಲ್ಲಿ ಒಂಟಿತನದ ಹೊಣೆಯನ್ನು ಒಬ್ಬ ಸಚಿವರಿಗೆ ಒಪ್ಪಿಸಿತು, 2021ರಲ್ಲಿ ಜಪಾನ್ ಅದನ್ನೇ ಮಾಡಿತು. 2023ರ ಮೇ ತಿಂಗಳಲ್ಲಿ ಅಮೆರಿಕದ ಅಂದಿನ ಸರ್ಜನ್ ಜನರಲ್ ವಿವೇಕ್ ಮೂರ್ತಿ ಒಂಟಿತನವನ್ನು ಸಾರ್ವಜನಿಕ ಆರೋಗ್ಯದ ಸಮಸ್ಯೆ ಎಂದು ಸಾರುವ ವರದಿ ಹೊರಡಿಸಿದರು. ಅವರ ಮನೆತನ ಮಂಡ್ಯ ಜಿಲ್ಲೆಯ ಹಲ್ಲೇಗೆರೆಯದು. ಹೆತ್ತವರು ಇಂಗ್ಲೆಂಡ್, ಕೆನಡಾ ದಾಟಿ ಫ್ಲಾರಿಡಾದಲ್ಲಿ ನೆಲೆ ನಿಂತವರು. ವಲಸೆಯ ಮನೆಯಲ್ಲಿ ಬೆಳೆದ ವೈದ್ಯನೊಬ್ಬ ಈ ಮಾತನ್ನು ಎತ್ತಿದ್ದು ನನಗೆ ಬಹಳ ಅರ್ಥಪೂರ್ಣವಾಗಿ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ನೇಮಿಸಿದ ಆಯೋಗ 2025ರ ಜೂನ್‌ನಲ್ಲಿ ಕೊಟ್ಟ ವರದಿಯ ಪ್ರಕಾರ, ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆ. ವರ್ಷಕ್ಕೆ 8,71,000 ಸಾವುಗಳಿಗೆ ಅದರ ನಂಟಿದೆ. ಎದೆ ಹಿಡಿದಂತಾಗುತ್ತದೆ ಎಂದ ನನ್ನ ಅವ್ವ ಸುಳ್ಳು ಹೇಳುತ್ತಿರಲಿಲ್ಲ ಎಂದು ಇಷ್ಟು ವರ್ಷಗಳ ಮೇಲೆ ನನಗೆ ಆ ಅಂಕಿ ಹೇಳಿತು.

ಇನ್ನು ನಮ್ಮ ನೆಲಕ್ಕೆ ಬರುತ್ತೇನೆ. ವಲಸೆ ನಮ್ಮ ಗದಗ ಜಿಲ್ಲೆಗೆ ಹೊಸದಲ್ಲ. ಕಪ್ಪತಗುಡ್ಡದ ಸುತ್ತಲಿನ ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ತಾಂಡಾಗಳಿಂದ, ಮಳೆಯನ್ನೇ ನಂಬಿದ ಎರೆ ಹೊಲದ ಹಳ್ಳಿಗಳಿಂದ ಜನ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಗುಳೆ ಹೋಗುತ್ತಲೇ ಬಂದಿದ್ದಾರೆ. “ದುಡ್ಯಾಕ ಹೋಗ್ಯಾರ” ಎಂಬ ಒಂದು ಮಾತಿನಲ್ಲಿ ಅರ್ಧ ತಾಂಡಾದ ವಿಳಾಸ ಸಿಗುತ್ತದೆ. ಸುಗ್ಗಿ ಮುಗಿದ ಮೇಲೆ ಆ ಓಣಿಗಳಲ್ಲಿ ನಡೆದು ನೋಡಿ. ಕೀಲಿ ಹಾಕಿದ ಬಾಗಿಲುಗಳ ನಡುವೆ ಮುದುಕಿಯರು, ಅವರ ಸುತ್ತ ಶಾಲೆಗೆ ಹೋಗುವ ಮೊಮ್ಮಕ್ಕಳು. ಅವರ ಕಷ್ಟ ದೊಡ್ಡದು. ಆದರೂ ಒಂದನ್ನು ಗಮನಿಸಿದ್ದೇನೆ. ಮೊಮ್ಮಕ್ಕಳನ್ನು ಕಾಯುವ ಮುದುಕಿ ಹೊತ್ತು ಹೋಗವಲ್ದು ಎನ್ನುವುದಿಲ್ಲ, ಹೊತ್ತು ಸಾಲವಲ್ದು ಎನ್ನುತ್ತಾಳೆ.

ಹೊತ್ತು ಹೋಗದವರನ್ನು ನಾನು ಕಂಡದ್ದು ಗೋವಾದಲ್ಲಿ. 1961ರ ಡಿಸೆಂಬರ್‌ನಲ್ಲಿ ಗೋವಾ ಬಿಡುಗಡೆಯಾದ ಮೇಲೆ ಬಂದರು, ಗಣಿ, ರಸ್ತೆ, ಕಟ್ಟಡ ಎಲ್ಲಕ್ಕೂ ಕೈಗಳು ಬೇಕಾದವು. ಎಪ್ಪತ್ತರ ದಶಕದಲ್ಲಿ ಜುವಾರಿ ಗೊಬ್ಬರದ ಕಾರ್ಖಾನೆ ಬಂತು. ಗದಗ, ವಿಜಯಪುರ, ಬಾಗಲಕೋಟೆ, ಹಾವೇರಿಗಳ ಕಡೆಯ ಹರೆಯದವರು ವಾಸ್ಕೊದ ಬೈನಾ ತೀರದಲ್ಲಿ, ಜುವಾರಿನಗರದಲ್ಲಿ ಗುಡಿಸಲು ಹಾಕಿದರು. 2011ರ ಜನಗಣತಿಯಲ್ಲಿ ಗೋವಾದ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು ಮಂದಿ ಕನ್ನಡವನ್ನು ತಾಯಿಮಾತು ಎಂದು ಬರೆಸಿದ್ದಾರೆ. ಅಂದು ಹೋದ ಹುಡುಗರು ಇಂದು ಎಪ್ಪತ್ತು ದಾಟಿದ್ದಾರೆ. ಬಂದರಿನಲ್ಲಿ ಮೂಟೆ ಹೊತ್ತ ಬೆನ್ನು ಬಾಗಿದೆ. ಊರಲ್ಲಿ ಹೊಲ ಮಾರಿಯಾಗಿದೆ, ಅಣ್ಣತಮ್ಮಂದಿರ ಮಕ್ಕಳಿಗೆ ಇವರ ಮುಖ ನೆನಪಿಲ್ಲ. ಇತ್ತ ಗೋವಾದಲ್ಲಿ ಹುಟ್ಟಿ ಬೆಳೆದ ಮೊಮ್ಮಕ್ಕಳು ತಮ್ಮತಮ್ಮಲ್ಲಿ ಕೊಂಕಣಿ, ಹಿಂದಿ ಮಾತಾಡುತ್ತಾರೆ. ಲಂಬಾಣಿ ಅಜ್ಜಿಯೊಬ್ಬಳು ನನಗೆ ಸಿಕ್ಕಿದ್ದಳು. ಅವಳ ಮನೆಮಾತು ಗೋರಬೋಲಿ. ಊರಿನ ಮಾತು ಕನ್ನಡ, ಸಂತೆಯ ಮಾತು ಕೊಂಕಣಿ. ಮೂರು ಭಾಷೆ ಬಲ್ಲವಳು ದಿನವಿಡೀ ಬಾಗಿಲ ಹೊಸ್ತಿಲ ಮೇಲೆ ಸುಮ್ಮನೆ ಕೂತಿರುತ್ತಿದ್ದಳು. ನಾನು ಗದಗಿನವನು ಎಂದು ತಿಳಿದದ್ದೇ ಅವಳು ಕೇಳಿದ್ದು ಒಂದೇ ಪ್ರಶ್ನೆ: “ಡಂಬಳದ ಕೆರಿ ತುಂಬೇತೇನು?”

ಆ ಅಜ್ಜಿಯ ಕಾಗದಪತ್ರದ ಕತೆಯನ್ನೂ ಹೇಳಬೇಕು, ಏಕೆಂದರೆ ಒಂಟಿತನ ಬರೀ ಮನಸ್ಸಿನ ಮಾತಲ್ಲ. ಗೋವಾ ಸರ್ಕಾರದ ಸಾಮಾಜಿಕ ಭದ್ರತೆಯ ಪಿಂಚಣಿಗೆ 15 ವರ್ಷ ಅಲ್ಲಿ ವಾಸವಿದ್ದ ಪುರಾವೆ ಬೇಕು. ಗುಡಿಸಲಿನಲ್ಲಿ ಬದುಕಿದವರ ಬಳಿ ಆ ಪುರಾವೆ ಎಲ್ಲಿಂದ ಬರಬೇಕು? 2015ರಲ್ಲಿ ಬೈನಾ ತೀರದ ಮನೆಗಳನ್ನು ಕೆಡವಿದಾಗ ಕನ್ನಡಿಗರ ಗೋಡೆಗಳ ಜೊತೆಗೆ ವಿಳಾಸಗಳೂ ಹೋದವು. ನಮ್ಮ ಸಂಧ್ಯಾ ಸುರಕ್ಷಾ ಪಿಂಚಣಿ ಸಿಗಬೇಕಾದರೆ ಕರ್ನಾಟಕದ ವಿಳಾಸ ಬೇಕು. 2023ರ ಜೂನ್ 11ರಿಂದ ನಮ್ಮ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆಯಾಯಿತು, ಅದಕ್ಕೂ ಇಲ್ಲಿಯ ವಿಳಾಸವೇ ಬೇಕು, ಅದೂ ರಾಜ್ಯದ ಗಡಿಯೊಳಗಿನ ಪ್ರಯಾಣಕ್ಕೆ. ಐವತ್ತು ವರ್ಷ ಎರಡು ರಾಜ್ಯಗಳಿಗೆ ದುಡಿದವಳು ಮುಪ್ಪಿನಲ್ಲಿ ಎರಡರ ಪಟ್ಟಿಯಲ್ಲೂ ಇಲ್ಲ. ತವರಿಗೆ ಬರಬೇಕಾದರೆ ಮಗನ ಮುಂದೆ ಕೈ ಚಾಚಬೇಕು. ಹಾಗೆ ಕೈ ಚಾಚಲು ಮನಸ್ಸಾಗದೆ ಬರುವುದನ್ನೇ ಬಿಟ್ಟ ಎಷ್ಟೋ ಮುದುಕಿಯರು ಅಲ್ಲಿದ್ದಾರೆ. ಇದು ನಮ್ಮ ಎರಡೂ ಸರ್ಕಾರಗಳು ಕೂತು ಬಗೆಹರಿಸಬಹುದಾದ ಸಣ್ಣ ಕೆಲಸ, ಮತ್ತು ಮಾಡಲೇಬೇಕಾದ ಕೆಲಸ.

ಸಮುದ್ರದಾಚೆಗೆ ಹೋದ ಹಿರಿಯರ ಸ್ಥಿತಿ ಬೇರೆ, ಆದರೆ ಬೇನೆ ಅದೇ. ಗದಗ-ಬೆಟಗೇರಿಯ ಯಾವ ಬಡಾವಣೆಯಲ್ಲಿ ಕೇಳಿದರೂ ಮಗನೋ ಮಗಳೋ ಅಮೆರಿಕದಲ್ಲಿದ್ದಾರೆ ಎನ್ನುವ ಮನೆ ಸಿಗುತ್ತದೆ. ಬಾಣಂತನಕ್ಕೆಂದು ಆರು ತಿಂಗಳ ವೀಸಾದಲ್ಲಿ ಹೋಗುವ ತಾಯಂದಿರು ಅಲ್ಲಿ ಬೇಕಾದವರು. ಕೂಸು ದೊಡ್ಡದಾಗಿ ಶಾಲೆಗೆ ಹೋದ ಮೇಲೆ, ಕಾಯಂ ಆಗಿ ಬನ್ನಿ ಎಂದು ಕರೆಸಿಕೊಂಡ ಮೇಲೆ, ಕಷ್ಟ ಸುರುವಾಗುತ್ತದೆ. ಕಾರು ಓಡಿಸಲು ಬಾರದವರಿಗೆ ಆ ದೇಶದಲ್ಲಿ ಕಾಲಿಲ್ಲ. ಗ್ರೀನ್ ಕಾರ್ಡ್ ಸಿಕ್ಕವರಿಗೂ ಅಲ್ಲಿಯ ಸರ್ಕಾರದ ಆರೋಗ್ಯ ವಿಮೆಯಾದ ಮೆಡಿಕೇರ್ ಸೇರಲು ಐದು ವರ್ಷ ಸತತವಾಗಿ ಅಲ್ಲಿ ನೆಲೆಸಿರಬೇಕು, ಆದ್ದರಿಂದ ಕಾಯಿಲೆ ಬಂದರೆ ಮಗನಿಗೆ ಹೊರೆ ಎಂಬ ಅಂಜಿಕೆ ಬೇರೆ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಷ್ಟು ಹಳೆಯದು. 1998ರಲ್ಲಿ ಹುಟ್ಟಿದ, ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ ‘ಅಕ್ಕ’ ಎರಡು ವರ್ಷಕ್ಕೊಮ್ಮೆ ದೊಡ್ಡ ಸಮ್ಮೇಳನ ಮಾಡುತ್ತದೆ. ಯುಗಾದಿ, ರಾಜ್ಯೋತ್ಸವಕ್ಕೆ ಹಿರಿಯರನ್ನು ಮುಂದಿನ ಸಾಲಿನಲ್ಲಿ ಕೂಡಿಸುತ್ತಾರೆ, ಶಾಲು ಹೊದಿಸುತ್ತಾರೆ. ಅದು ಒಳ್ಳೆಯದೇ. ಆದರೆ ಅಲ್ಲಿಯ ಕನ್ನಡ ಕಲಿ ತರಗತಿಗಳಲ್ಲಿ ಪಾಠ ಹೇಳಲು ಜನ ಸಾಲದು ಎಂಬ ಮಾತು ಕೇಳಿದಾಗೆಲ್ಲ ನನಗೆ ಮನೆಯೊಳಗೆ ಕೂತ ಆ ಅಜ್ಜ-ಅಜ್ಜಿಯರು ನೆನಪಾಗುತ್ತಾರೆ. ಅವರಲ್ಲಿ ನಿವೃತ್ತ ಮಾಸ್ತರರು ಎಷ್ಟು ಮಂದಿ! ಶಾಲಿಗಿಂತ ಅವರಿಗೆ ಬೇಕಾದದ್ದು, ವಾರಕ್ಕೊಮ್ಮೆ ತಮ್ಮನ್ನು ಕಾಯುವ ಹತ್ತು ಮಕ್ಕಳು.

ಬೆಂಗಳೂರಿನ ಫ್ಲ್ಯಾಟುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಈ ಸಭೆಯಲ್ಲಿರುವ ಅನೇಕರು ಅಲ್ಲಿ ಮೂರು ತಿಂಗಳು ಇದ್ದು ಬಂದವರೇ.

ಬದಲಿಗೆ, ಹಿಂದೆ ಮುದುಕಿಯರಿಗೆ ಹೊತ್ತು ಹೇಗೆ ಹೋಗುತ್ತಿತ್ತು ಎಂದು ತೋರಿಸಲು ಕೌದಿಯ ಬಗ್ಗೆ ಒಂದು ಮಾತು. ನಮ್ಮ ಹೆಣ್ಣುಮಕ್ಕಳು ಹಳೆಯ ಸೀರೆ, ಧೋತರ, ಕುಪ್ಪಸದ ತುಣುಕುಗಳನ್ನು ಜೋಡಿಸಿ ಕೌದಿ ಹೊಲಿಯುತ್ತಿದ್ದರು. ಒಬ್ಬಳೇ ಹೊಲಿದರೆ ತಿಂಗಳು ಹಿಡಿಯುತ್ತದೆ, ಬೇಸರವೂ ಬರುತ್ತದೆ. ನಾಲ್ಕು ಜನ ಪಡಸಾಲೆಯಲ್ಲಿ ನಾಲ್ಕು ಮೂಲೆಗೆ ಕೂತು ಹೊಲಿಯುತ್ತಾ ನಡುವೆ ಬಂದು ಸೇರುತ್ತಿದ್ದರು. ಯಾರ ಸೀರೆಯ ತುಣುಕು, ಯಾವ ಮದುವೆಯದು ಎಂದು ಮಾತು ಹೊರಡುತ್ತಿತ್ತು. ಬೆಟಗೇರಿಯ ಮಗ್ಗದ ಮನೆಗಳಲ್ಲಿ ಕಣ್ಣು ಮಂಜಾದ ಅಜ್ಜಿಯೂ ಕಂಡಿಕೆ ಸುತ್ತುತ್ತಿದ್ದಳು. ಅವಳು ಸುತ್ತಿಕೊಡದಿದ್ದರೆ ಮಗನ ಲಾಳಿ ನಿಲ್ಲುತ್ತಿತ್ತು. ಮನೆಯವರು ಅವಳಿಗೆ ದಯೆಯಿಂದ ಕೊಟ್ಟ ಕೆಲಸ ಅದಾಗಿರಲಿಲ್ಲ. ಮಗ್ಗಗಳು ಒಂದೊಂದಾಗಿ ಮೂಲೆ ಸೇರಿದಾಗ ನಾವು ಕೂಲಿ ಹೋಯಿತು ಎಂದು ಅತ್ತೆವು. ಮುದುಕಿಯ ಕೈಗಿದ್ದ ಕೆಲಸವೂ ಹೋದದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳಲಾರೆ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯ್ದೆ 2007ರಲ್ಲಿ ಬಂತು. ಉಪವಿಭಾಗಾಧಿಕಾರಿಗಳ ಮುಂದೆ ಅರ್ಜಿ ಕೊಟ್ಟರೆ ಮಕ್ಕಳಿಂದ ತಿಂಗಳಿಗೆ 10,000 ರೂಪಾಯಿಯವರೆಗೆ ಜೀವನಾಂಶ ಕೊಡಿಸಬಹುದು. ಸಂಧ್ಯಾ ಸುರಕ್ಷಾದಲ್ಲಿ 65 ದಾಟಿದವರಿಗೆ ತಿಂಗಳಿಗೆ 1,200 ರೂಪಾಯಿ ಬರುತ್ತದೆ. 14567 ಸಂಖ್ಯೆಗೆ ಫೋನು ಮಾಡಿದರೆ ಹಿರಿಯರಿಗೆ ಸಲಹೆ, ನೆರವು ಸಿಗುತ್ತದೆ, ಕರೆಗೆ ದುಡ್ಡಿಲ್ಲ. ಈ ಸಂಖ್ಯೆಯನ್ನು ದಯವಿಟ್ಟು ಬರೆದುಕೊಳ್ಳಿ. ಆದರೆ ಒಂದು ಬದಲಾವಣೆ ನನ್ನನ್ನು ಕಾಡುತ್ತದೆ. ಮೊದಲು ಪಿಂಚಣಿ ಮನಿಯಾರ್ಡರಿನಲ್ಲಿ ಬರುತ್ತಿತ್ತು. ಅಂಚೆಯಣ್ಣ ಸೈಕಲ್ ನಿಲ್ಲಿಸಿ, ಕಟ್ಟೆಯ ಮೇಲೆ ಕೂತು, ನೀರು ಕುಡಿದು, ಹೆಬ್ಬೆಟ್ಟು ಒತ್ತಿಸಿಕೊಂಡು, ಮಗಳ ಊರಿನ ಸುದ್ದಿ ಹೇಳಿ ಹೋಗುತ್ತಿದ್ದ. ಈಗ ಹಣ ನೇರವಾಗಿ ಖಾತೆಗೆ ಬೀಳುತ್ತದೆ. ಸೋರಿಕೆ ತಪ್ಪಿತು, ಅದು ಬಹಳ ಒಳ್ಳೆಯದಾಯಿತು. ಆದರೆ ತಿಂಗಳಿಗೊಮ್ಮೆ ಹೆಸರು ಹಿಡಿದು ಕೂಗುತ್ತಾ ಬಾಗಿಲಿಗೆ ಬರುತ್ತಿದ್ದ ಒಬ್ಬ ಮನುಷ್ಯ ಇಲ್ಲವಾದ.

ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಮಾಡಿದ ರಾಜ್ಯ ಸರ್ಕಾರದ ಶಕ್ತಿ ಯೋಜನೆ ಇದಕ್ಕೆ ಉಲ್ಟಾ ಕೆಲಸ ಮಾಡಿತು. ಮುಂಡರಗಿ-ಗದಗ ಬಸ್ಸಿನಲ್ಲಿ ಈಗ ರೊಟ್ಟಿಯ ಗಂಟು ಕಟ್ಟಿಕೊಂಡ ಮುದುಕಿಯರನ್ನು ನೋಡುತ್ತೇನೆ. ತಂಗಿಯ ಮನೆಗೆ, ಬೀಗರ ಮನೆಗೆ, ಬಾಣಂತಿಯನ್ನು ಮಾತಾಡಿಸಿಕೊಂಡು ಬರಲಿಕ್ಕೆ ಹೊರಟವರು. ಮಾತಾಡಿಸಿಕೊಂಡು ಬರುವುದು ನಮ್ಮಲ್ಲಿ ಒಂದು ಕೆಲಸ. ಯಾರಿಗೋ ಜ್ವರ ಬಂದರೆ, ಯಾರದೋ ಮನೆಯಲ್ಲಿ ಸಾವಾದರೆ ಮಾತಾಡಿಸಲು ಹೋಗದಿದ್ದರೆ ಅದು ತಪ್ಪು, ವರ್ಷಗಟ್ಟಲೆ ನೆನಪಿಡುವ ತಪ್ಪು. ಬಸ್ಸಿನ ದುಡ್ಡಿಲ್ಲದೆ ಆ ಕೆಲಸ ಬಿಟ್ಟಿದ್ದವರು ಮತ್ತೆ ಹೊರಬಿದ್ದಿದ್ದಾರೆ. ಈ ಯೋಜನೆಯ ಲಾಭ-ನಷ್ಟ ಎಣಿಸುವವರು ಇದನ್ನೂ ಎಣಿಸಲಿ.

ನಮ್ಮ ನೆಲದಲ್ಲಿ ದಾರಿ ತೋರಿಸುವ ಜಾಗಗಳು ಇವೆ. ಗದಗಿನ ವೀರೇಶ್ವರ ಪುಣ್ಯಾಶ್ರಮಕ್ಕೆ ಹೋಗಿ ಕೂತು ನೋಡಿ. ಅದನ್ನು ಬೆಳೆಸಿದ ಸಂಗೀತ ಗುರು ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ಸೀಮೆಯಿಂದ ಬಂದವರು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಹಾಗೆಯೇ. ಇಬ್ಬರೂ ಈ ಊರಿಗೆ ವಲಸೆ ಬಂದವರೇ, ಇಬ್ಬರೂ ಕಣ್ಣಿಲ್ಲದವರು. 2010ರಲ್ಲಿ ತೀರಿಕೊಂಡಾಗ ಪುಟ್ಟರಾಜರಿಗೆ 96 ವರ್ಷ. ಮುಪ್ಪಿನಲ್ಲೂ ಅವರ ಸುತ್ತ ಶಿಷ್ಯರು ಇದ್ದೇ ಇರುತ್ತಿದ್ದರು, ಅವರಿಂದ ಕಲಿಯಲು. ಸೇವೆ ಮಾಡುವುದು ಆ ಕಲಿಕೆಯ ಹಿಂದೆ ಬರುತ್ತಿತ್ತು. ಡಂಬಳದ ಜಾತ್ರೆಯಲ್ಲಿ ರೊಟ್ಟಿ ಊಟದ ಪದ್ಧತಿ ಬೆಳೆಸಿದವರು ತೋಂಟದ ಸಿದ್ಧಲಿಂಗ ಸ್ವಾಮಿಗಳು. ಜಾತಿ ಮತ ಎಣಿಸದೆ ಎಲ್ಲರ ಮನೆಯ ರೊಟ್ಟಿ ಅಲ್ಲಿ ಒಂದೇ ರಾಶಿಯಾಗುತ್ತದೆ. ತಟ್ಟಿದ ಕೈಗಳಲ್ಲಿ ಮುದಿ ಕೈಗಳು ಬಹಳ. ಶಿರಹಟ್ಟಿಯ ಫಕೀರೇಶ್ವರ ಮಠ, ಲಕ್ಷ್ಮೇಶ್ವರದ ದೂದಪೀರಾಂ ದರ್ಗಾ ಇವೆರಡೂ ಯಾವ ಊರಿನವ, ಯಾವ ಕುಲದವ ಎಂದು ಕೇಳದೆ ಕೂರಲು ಜಾಗ ಕೊಡುವ ಸ್ಥಳಗಳು. ಹೊಸದಾಗಿ ಬಂದ ಮುದುಕರು ಮೊದಲು ಕಾಲಿಡುವುದು ಇಂಥ ಕಡೆಯೇ. ಅಲ್ಲಿ ಕೂತವರನ್ನು ಎಬ್ಬಿಸಿ ಒಂದು ಕೆಲಸ ಒಪ್ಪಿಸಬೇಕು, ಅಷ್ಟೇ ಬಾಕಿ.

ಹಾಗಾದರೆ ಏನು ಮಾಡಬೇಕು? ನನ್ನಲ್ಲಿ ದೊಡ್ಡ ಯೋಜನೆ ಇಲ್ಲ. ಗ್ರಾಮ ಪಂಚಾಯ್ತಿಗಳಲ್ಲಿ ಅರಿವು ಕೇಂದ್ರ ಎಂಬ ಗ್ರಂಥಾಲಯಗಳಿವೆ. ವಾರದಲ್ಲಿ ಒಂದು ಮಧ್ಯಾಹ್ನ ಅಲ್ಲಿ ಹಿರಿಯರು ಮಕ್ಕಳಿಗೆ ಹೇಳುವ ಹೊತ್ತು ಇರಲಿ: ಮಳೆಯ ನಕ್ಷತ್ರಗಳು, ಕೆರೆಯ ತೂಬು, ಬಯಲಾಟದ ಪಾತ್ರಗಳು, ಗೋವಾದ ಬಂದರಿನ ದುಡಿಮೆ. ಗುಳೆಯಿಂದ ಹಿಂತಿರುಗಿದ ಮುದುಕನಿಗೆ ಊರಲ್ಲಿ ಮತ್ತೆ ಜಾಗ ಸಿಗುವುದು ಅವನ ಕತೆಯನ್ನು ಯಾರಾದರೂ ಕೇಳಿದಾಗ. ದುಡಿಯುವ ತಾಯಂದಿರ ಮಕ್ಕಳಿಗೆಂದು ತೆರೆದ ಕೂಸಿನ ಮನೆಗಳಲ್ಲಿ ಓಣಿಯ ಅಜ್ಜಿಯರಿಗೆ ಒಂದು ಚಾಪೆ ಹಾಸಿರಲಿ. ಸ್ತ್ರೀಶಕ್ತಿ ಸಂಘಗಳು ಕೌದಿ ಹೊಲಿಸಲಿ, ನಾಲ್ಕು ಮೂಲೆಗೆ ನಾಲ್ಕು ಜನ ಕೂತು. ಶಿಂಗಟಾಲೂರು ಏತ ನೀರಾವರಿಯ ಹಿನ್ನೀರಿನಿಂದ ಜಾಗ ಬಿಡಬೇಕಾದ ಮುಂಡರಗಿ ತಾಲ್ಲೂಕಿನ ಹಳ್ಳಿಗಳಂಥ ಕಡೆ ಹೊಸ ಊರು ಕಟ್ಟುವಾಗ, ಹಳೆಯ ಓಣಿಯ ನೆರೆಯನ್ನು ಹೊಸ ಊರಿನಲ್ಲೂ ನೆರೆಯಾಗಿಯೇ ಉಳಿಸಬೇಕು. ಎಪ್ಪತ್ತು ವರ್ಷದ ಮುದುಕಿಗೆ ಸಿಮೆಂಟಿನ ಮನೆಗಿಂತ ಎದುರುಮನೆಯ ಗೆಳತಿ ದೊಡ್ಡವಳು. ಮನೆಯ ಮುಂದೆ ಕಟ್ಟೆ ಕಟ್ಟಿಸಲು ಹೊಸ ಬಡಾವಣೆಗಳಲ್ಲಿ ಯಾರೂ ಜಾಗ ಬಿಡುವುದಿಲ್ಲ, ಕಾರಿಗೆ ಬಿಡುತ್ತಾರೆ. ನಗರಸಭೆ ಉದ್ಯಾನದ ಬೆಂಚುಗಳನ್ನು ಸಾಲಾಗಿ ಹಾಕದೆ ಎದುರುಬದುರಾಗಿ ಹಾಕಿದರೂ ಸಾಕು, ಮಾತು ತಾನೇ ಹುಟ್ಟುತ್ತದೆ.

ಏಷ್ಯಾದಲ್ಲೇ ಮೊದಲನೆಯದು ಎನ್ನುವ ಕೃಷಿ ಪತ್ತಿನ ಸಹಕಾರ ಸಂಘ 1905ರಲ್ಲಿ ಹುಟ್ಟಿದ್ದು ಇಲ್ಲೇ ಹತ್ತಿರದ ಕಣಗಿನಹಾಳದಲ್ಲಿ. ಒಬ್ಬನ ಕೈಲಾಗದ್ದನ್ನು ಹತ್ತು ಮನೆಗಳು ಕೂಡಿ ಮಾಡಬಹುದು ಎಂದು ಈ ಸೀಮೆಗೆ ಹೊರಗಿನವರು ಕಲಿಸಬೇಕಾಗಿಲ್ಲ.

ಮಕ್ಕಳಿಗೂ ಒಂದು ಮಾತು. ತಂದೆತಾಯಿಯನ್ನು ಕರೆತಂದು ಇಟ್ಟುಕೊಂಡವರನ್ನು ನಾನು ದೂರುತ್ತಿಲ್ಲ. ನಾನೂ ಕರೆತಂದವನು, ಅದಕ್ಕೆ ಪಶ್ಚಾತ್ತಾಪವಿಲ್ಲ. ಬರೀ ಉಂಡಿಯೇನು ಎಂದು ಕೇಳಬೇಡಿ. ಈ ಹಿಟ್ಟು ಯಾಕೆ ಜಿಗಿ ಬಂದಿಲ್ಲ ಎಂದು ಕೇಳಿ. ನಮ್ಮ ಮುತ್ತಜ್ಜ ಯಾವ ಊರಿನಿಂದ ಬಂದ ಎಂದು ಕೇಳಿ, ಬರೆದುಕೊಳ್ಳಿ. ನಿಮ್ಮ ಓಣಿಗೆ ಹೊಸದಾಗಿ ಬಂದ ಮುದುಕರನ್ನು ವಾರದೊಳಗೆ ಹೋಗಿ ಮಾತಾಡಿಸಿ. ಹೋಗುವಾಗ ಹಣ್ಣು ಒಯ್ಯಬೇಕಾಗಿಲ್ಲ. ಒಂದು ಪ್ರಶ್ನೆ ಒಯ್ಯಿರಿ.

ನನ್ನ ಅವ್ವ ತೀರಿದ ದಿನ ಬೆಟಗೇರಿಯ ನಮ್ಮ ಮನೆಯ ಮುಂದೆ ಎಂಟು ಕೂಸುಗಳ ತಾಯಂದಿರು ನಿಂತಿದ್ದರು. ಅವರಲ್ಲಿ ನಮ್ಮ ಬಳಗದವರು ಒಬ್ಬರೂ ಇರಲಿಲ್ಲ. ಕೊನೆಯ ಕೆಲವು ವರ್ಷ ಅವಳಿಗೆ ಹೊತ್ತು ಹೋದದ್ದು ಅವರಿಂದ, ನನ್ನಿಂದಲ್ಲ.

ಗದಗಿನ ತೋಂಟದಾರ್ಯ ಮಠದಲ್ಲಿ ದಶಕಗಳಿಂದ ಪ್ರತಿ ಸೋಮವಾರ ಸಂಜೆ ಶಿವಾನುಭವ ಸಭೆ ನಡೆಯುತ್ತಿದೆ. ಬರುವ ಸೋಮವಾರ ನೀವು ಹೋಗುವಾಗ ಪಕ್ಕದ ಮನೆಯ ಬಾಗಿಲು ಬಡಿಯಿರಿ. ಬೇರೆ ಊರಿನಿಂದ ಬಂದ ಹಿರಿಯರೊಬ್ಬರು ಅಲ್ಲಿ ಕೂತಿರುತ್ತಾರೆ. ಅವರನ್ನು ಜೊತೆಗೆ ಕರೆದುಕೊಂಡು ಬನ್ನಿ.